ಅಂಚಿನಲ್ಲಿ ಬರೆದ ಊರುಗಳು

(ಶತಮಾನೋತ್ಸವದ ಪ್ರಯುಕ್ತ ಏರ್ಪಟ್ಟಿದ್ದ ಸಭೆಯಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ದೇವಾಲಯದ ಹಿಂಭಾಗದಲ್ಲಿರುವ ಹಳೆಯ ಜ್ಞಾನೋಪದೇಶದ ಕೊಠಡಿಯನ್ನು ವಸ್ತುಸಂಗ್ರಹಾಲಯವನ್ನಾಗಿ ಮಾಡಬೇಕೆಂದು ಶತಮಾನೋತ್ಸವ ಸಮಿತಿಯವರು ನಿಶ್ಚಯಿಸಿದ್ದಾರೆ. ಅದರಲ್ಲಿ ಏನೇನು ಇರಬೇಕೆಂಬ ಬಗ್ಗೆ ನಾಲ್ಕು ಮಾತನಾಡಲು ನಮ್ಮನ್ನು ಕೇಳಿಕೊಂಡಿದ್ದಾರೆ. ಪೂಜಾವಸ್ತ್ರಗಳು, ಬೆಳ್ಳಿಯ ಪಾನಪಾತ್ರೆ, ಹಿಂದಿನ ಗುರುಗಳ ಭಾವಚಿತ್ರಗಳು ಎಂದು ಒಂದು ಪಟ್ಟಿ ಆಗಲೇ ಸಿದ್ಧವಾಗಿದೆ. ಅವೆಲ್ಲ ಇರಲಿ, ಬೇಡವೆನ್ನಲಾರೆವು. ಆದರೆ ಎಲ್ಲೆಲ್ಲಿಂದಲೋ ಈ ಊರಿಗೆ ಬಂದವರ ಕಥೆ ಅಲ್ಲಿಲ್ಲದಿದ್ದರೆ, ಆ ಕೊಠಡಿ ಹಬ್ಬದ ದಿನ ಮಾತ್ರ ತೆರೆಯುವ ಬೀರುವಿನಂತೆ ಆಗಿಬಿಟ್ಟೀತು ಎಂಬ ಅಳುಕು ನಮಗಿದೆ.

ವೈಟ್‌ಫೀಲ್ಡ್ ಎಂಬ ಹೆಸರೇ ಬಂದವರು ತಂದ ಹೆಸರು. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಆ ಜನರ ಮುಂದಾಳುವಾಗಿದ್ದ ಡಿ.ಎಸ್. ವೈಟ್ ಅವರ ಹೆಸರು ಊರಿಗೆ ನಿಂತಿತು. ಬೇಸಾಯ ಮಾಡಿ ಬದುಕುವ ಆಸೆಯಿಂದ ಬಂದವರು ಅವರು. ಸ್ವಾತಂತ್ರ್ಯಾನಂತರ ಆ ಸಮುದಾಯದ ಅನೇಕ ಕುಟುಂಬಗಳು ಇಂಗ್ಲೆಂಡಿಗೆ, ಆಸ್ಟ್ರೇಲಿಯಕ್ಕೆ ಹೊರಟುಹೋದವು. ಬಂದವರೇ ಮತ್ತೆ ಹೊರಟವರಾದರು. 1990ರ ದಶಕದಲ್ಲಿ ಪಟ್ಟಂದೂರು ಅಗ್ರಹಾರದ ಬಳಿ ಗಾಜಿನ ಕಟ್ಟಡಗಳು ಎದ್ದವು. 2023ರ ಮಾರ್ಚಿಯಲ್ಲಿ ಮೆಟ್ರೋ ರೈಲು ಕಾಡುಗೋಡಿಯವರೆಗೆ ಬಂದಿತು. ಇಷ್ಟರ ನಡುವೆ ಕಾಡುಗೋಡಿ, ಹಗದೂರು, ನಲ್ಲೂರಹಳ್ಳಿಗಳ ಹಳೆಯ ಮನೆತನಗಳು ಎಲ್ಲಿಗೂ ಹೋಗಲಿಲ್ಲ. ಅವರು ನಿಂತಲ್ಲೇ ನಿಂತಿದ್ದರು, ಕಾಲ ಕೆಳಗಿನ ಊರೇ ಹೊರಟುಹೋಯಿತು. ವಲಸೆಯ ಕಥೆಯನ್ನು ಹೇಳುವಾಗ ಇವರನ್ನು ಬಿಡಬಾರದು.

ನಮ್ಮಲ್ಲಿ ಈಗಾಗಲೇ ಇರುವ ಒಂದು ಸಂಗ್ರಹದ ಬಗ್ಗೆ ಹೇಳುತ್ತೇವೆ. ಅದು ಜ್ಞಾನಸ್ನಾನದ ದಾಖಲೆ ಪುಸ್ತಕ. ಮೊದಲ ಪುಟಗಳು ಲತೀನ್ ಭಾಷೆಯಲ್ಲಿವೆ. ಆಗ ನಾವು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದೆವು. ಬೆಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾದುದು 1940ರಲ್ಲಿ. ಈ ಪುಸ್ತಕವನ್ನು ಅಂಚಿನಿಂದ ಓದಬೇಕು. 1907ರಲ್ಲಿ ಹತ್ತನೆಯ ಪಯಸ್ ಜಗದ್ಗುರುಗಳ ಕಾಲದಲ್ಲಿ ಹೊರಟ ‘ನೆ ತೆಮೆರೆ’ ಎಂಬ ಆಜ್ಞೆಯು ಮರುವರ್ಷದ ಪಾಸ್ಕ ಹಬ್ಬದಿಂದ ಜಾರಿಗೆ ಬಂದಿತು. ಅದರಂತೆ ಯಾರೇ ಎಲ್ಲೇ ಮದುವೆಯಾಗಲಿ, ಆ ಸಂಗತಿಯನ್ನು ಅವರು ಜ್ಞಾನಸ್ನಾನ ಪಡೆದ ಧರ್ಮಕೇಂದ್ರಕ್ಕೆ ತಿಳಿಸಬೇಕು. ಅಲ್ಲಿಯ ಗುರುಗಳು ಅದನ್ನು ಅವರ ಹೆಸರಿನ ಎದುರಿಗೆ ಬರೆದಿಡಬೇಕು. ಒಬ್ಬನೇ ಎರಡು ಕಡೆ ಮದುವೆಯಾಗದಿರಲೆಂದು ಮಾಡಿದ ಏರ್ಪಾಡೇ ಹೊರತು ಚರಿತ್ರೆಯ ಮೇಲಿನ ಪ್ರೀತಿಯಿಂದಲ್ಲ! ಆದರೂ ಅದರ ಫಲವಾಗಿ, ಇಲ್ಲಿ ನೀರೆರೆಸಿಕೊಂಡ ಕೂಸು ಇಪ್ಪತ್ತೈದು ವರ್ಷಗಳ ನಂತರ ಯಾವ ಊರು ಸೇರಿತ್ತೆಂಬುದನ್ನು ನಮ್ಮ ಪುಸ್ತಕದ ಅಂಚು ಹೇಳುತ್ತದೆ. ಮುಂಬಯಿ, ಕೊಯಮತ್ತೂರು, ಮೆಲ್ಬರ್ನ್.

ಬಂದವರ ಲೆಕ್ಕ ಮದುವೆಯ ಪುಸ್ತಕದಲ್ಲಿದೆ. ವಧೂವರರು ಜ್ಞಾನಸ್ನಾನ ಪಡೆದ ಊರನ್ನು ಅಲ್ಲಿ ಬರೆಯುತ್ತೇವೆ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ಆ ಬಳಿಕದ ಪುಟಗಳಲ್ಲಿ ಉರಿಗಾಂ, ಚಾಂಪಿಯನ್ ರೀಫ್ ಎಂಬ ಹೆಸರುಗಳು ಮತ್ತೆ ಮತ್ತೆ ಕಾಣುತ್ತವೆ. ಗಣಿಯಿಳಿಯುತ್ತಿದ್ದವರ ಮಕ್ಕಳು ಮಾರಿಕುಪ್ಪದ ರೈಲು ಹತ್ತಿ ಕೆಲಸ ಹುಡುಕಿಕೊಂಡು ಈ ಕಡೆ ಬಂದರೆಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಪುಸ್ತಕವು ಊರನ್ನು ಹೇಳೀತು, ಮನಸ್ಸನ್ನು ಹೇಳದು. ಇದು ನಮಗೆ ಮನದಟ್ಟಾದುದು ಪೀಣ್ಯಕ್ಕೆ ಸಮೀಪದ ಜಾಲಹಳ್ಳಿಯಲ್ಲಿ. 1953ರಲ್ಲಿ ಆರಂಭವಾದ ಎಚ್.ಎಂ.ಟಿ. ಸಂಸ್ಥೆಯವರು 2019ರಲ್ಲಿ ಅಲ್ಲಿ ತಮ್ಮ ಪರಂಪರೆಯ ಸಂಗ್ರಹಾಲಯವನ್ನು ತೆರೆದರು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಿಂದ ತಯಾರಾದ ಕೈಗಡಿಯಾರಗಳನ್ನು ಅಲ್ಲಿ ಕಾಣಬಹುದು. ನಮ್ಮ ಯುವಕರನ್ನು ಕರೆದುಕೊಂಡು ಹೋದಾಗ, ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ನಮ್ಮ ಧರ್ಮಕೇಂದ್ರದ ಅಮ್ಮನವರೊಬ್ಬರು ಜೊತೆಗಿದ್ದರು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಮಂಗಳೂರಿನ ಕಡೆಯಿಂದ ಒಬ್ಬರೇ ಬಂದವರು. ಗಾಜಿನ ಪೆಟ್ಟಿಗೆಯೊಂದರ ಮುಂದೆ ನಿಂತು, “ಫಾದರ್, ಮನೆಯಿಂದ ಕಾಗದ ಬಂದ ದಿನ ಸಾಯಂಕಾಲದವರೆಗೆ ಅದನ್ನು ಒಡೆಯುತ್ತಿರಲಿಲ್ಲ. ಓದಿದರೆ ಕೈ ನಡುಗುತ್ತಿತ್ತು, ಮುಳ್ಳು ಕೂರುತ್ತಿರಲಿಲ್ಲ,” ಎಂದರು. ಅದುವರೆಗೆ ಕೈಯಲ್ಲಿ ಫೋನು ಹಿಡಿದು ಅತ್ತಿತ್ತ ನೋಡುತ್ತಿದ್ದ ಹುಡುಗರು ಸುಮ್ಮನಾಗಿ ಅವರ ಸುತ್ತ ನಿಂತರು. ಗಡಿಯಾರ ಅದೇ, ಪೆಟ್ಟಿಗೆ ಅದೇ. ಪಕ್ಕದಲ್ಲಿ ನಿಂತು ಹೇಳುವವರಿದ್ದರು, ಅಷ್ಟೇ.

ಇನ್ನೊಂದು ಸಂಗತಿಯನ್ನು ಹೇಳುವುದು ನಮಗೆ ಕಷ್ಟ. ಬಹಳ ವರ್ಷಗಳ ಹಿಂದೆ ಬೇರೊಂದು ಧರ್ಮಕೇಂದ್ರದಲ್ಲಿ ಗುರುಗಳ ಮನೆಯನ್ನು ದುರಸ್ತಿ ಮಾಡಿಸುವಾಗ, ಗೆದ್ದಲು ಹತ್ತಿದ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ತುಂಬ ಹಳೆಯ ಕಾಗದಗಳು. ನಾವು ಬಿಡಿಸಿಯೂ ನೋಡದೆ ಎಲ್ಲವನ್ನೂ ರದ್ದಿಯವನಿಗೆ ಕೊಡಿಸಿದೆವು. ಎರಡು ವರ್ಷಗಳ ಮೇಲೆ ವೃದ್ಧರೊಬ್ಬರು ಬಂದರು. ಅವರ ತಂದೆ ಬರಗಾಲದಲ್ಲಿ ಊರು ಬಿಟ್ಟು ಬಂದಾಗ ಅಲ್ಲಿಯ ಗುರುಗಳು ಬರೆದುಕೊಟ್ಟ ಪರಿಚಯಪತ್ರ ಆ ಪೆಟ್ಟಿಗೆಯಲ್ಲಿತ್ತಂತೆ. ತಂದೆಯ ಊರು ಯಾವುದೆಂದು ಅವರಿಗೆ ತಿಳಿದಿರಲಿಲ್ಲ. ಸಾಯುವ ಮುನ್ನ ಒಮ್ಮೆ ಆ ಮಣ್ಣನ್ನು ನೋಡಿ ಬರಬೇಕೆಂಬ ಆಸೆ. ಇಲ್ಲವೆಂದೆವು. ರದ್ದಿಗೆ ಹಾಕಿದೆವೆಂದು ಹೇಳುವ ಧೈರ್ಯ ಬರಲಿಲ್ಲ. ಇಂದು ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇವೆ.

ಅಮೆರಿಕದ ಎಲ್ಲಿಸ್ ದ್ವೀಪದ ಮೂಲಕ 1892ರಿಂದ 1954ರವರೆಗೆ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ವಲಸೆಗಾರರು ಹಾದುಹೋದರು. ಆ ಕಟ್ಟಡ 1990ರಲ್ಲಿ ವಸ್ತುಸಂಗ್ರಹಾಲಯವಾಯಿತು. ಹಡಗಿನ ಪಟ್ಟಿಗಳು ಉಳಿದಿರುವುದರಿಂದ ಇಂದಿಗೂ ಮೊಮ್ಮಕ್ಕಳು ಅಜ್ಜನ ಹೆಸರನ್ನು ಹುಡುಕುತ್ತಾರೆ. ಇಲ್ಲಿ ನಮ್ಮ ಹಿಂದಿಯ ಪೂಜೆಗೆ ಬಂದು ಕೊನೆಯ ಸಾಲಿನಲ್ಲಿ ನಿಲ್ಲುವ ಜಾರ್ಖಂಡ್, ಒಡಿಶಾ, ಅಸ್ಸಾಮಿನ ಮಕ್ಕಳ ಹೆಸರು ಯಾವ ಪಟ್ಟಿಯಲ್ಲಿದೆ? ಅವರು ಇಲ್ಲಿ ಹುಟ್ಟಲಿಲ್ಲ, ಇಲ್ಲಿ ಮದುವೆಯಾಗುವುದೂ ಅಪರೂಪ. ಆದ್ದರಿಂದ ನಮ್ಮ ಪುಸ್ತಕಗಳ ಪಾಲಿಗೆ ಅವರು ಬಂದೇ ಇಲ್ಲ. 2020ರ ಮೇ ತಿಂಗಳಿನಲ್ಲಿ ಮಾಲೂರಿನಿಂದ, ಚಿಕ್ಕಬಾಣಾವರದಿಂದ ಶ್ರಮಿಕ ರೈಲುಗಳು ಹೊರಟಾಗ ಅವರಲ್ಲಿ ಎಷ್ಟು ಮಂದಿ ಹೋದರೋ, ಎಷ್ಟು ಮಂದಿ ಮರಳಿ ಬಂದರೋ, ಅವರ ಗುರುಗಳಾದ ನಮ್ಮಲ್ಲಿ ಲೆಕ್ಕವಿಲ್ಲ.

ಆದಕಾರಣ ನಮ್ಮ ಕೋರಿಕೆ ಇಷ್ಟು. ದಾಖಲೆ ಪುಸ್ತಕಗಳನ್ನು ಪ್ರದರ್ಶನಕ್ಕೆ ಇಡುವುದಿಲ್ಲ, ಅವುಗಳಲ್ಲಿ ಕುಟುಂಬಗಳ ಗುಟ್ಟುಗಳಿವೆ. ಕೇಳಿದವರಿಗೆ ಅವರವರ ಮನೆತನದ ಊರುಗಳನ್ನು ಹುಡುಕಿ ಬರೆದುಕೊಡುತ್ತೇವೆ. ನೀವು ಊರಿಂದ ತಂದ ಒಂದು ವಸ್ತುವನ್ನು ತನ್ನಿ. ಹರಿದ ಟಿಕೆಟ್ಟಾಗಲಿ, ತಗಡಿನ ಟ್ರಂಕಾಗಲಿ, ಮಾರಿದ ಹೊಲದ ಪಹಣಿಯಾಗಲಿ, ಯಾವುದೂ ಚಿಕ್ಕದಲ್ಲ. ಫಲಕಗಳು ಕನ್ನಡದಲ್ಲಿರಲಿ, ಹೇಳುವವರು ತಮಗೆ ಬಂದ ಭಾಷೆಯಲ್ಲಿ ಹೇಳಲಿ, ಯುವಕರು ಧ್ವನಿಮುದ್ರಣ ಮಾಡಿಕೊಳ್ಳುತ್ತಾರೆ. ಯಾವ ಭಾಷೆಯ ಪೂಜೆ ಎಷ್ಟು ಗಂಟೆಗೆ ಎಂಬ ನಮ್ಮ ಎಂದಿನ ವಾದವನ್ನು ಆ ಕೊಠಡಿಯ ಹೊಸ್ತಿಲಾಚೆ ಬಿಟ್ಟು ಬರಬೇಕೆಂದು ಎಲ್ಲ ಪಕ್ಷದವರಲ್ಲೂ ವಿನಂತಿ. ಹಿಂದಿಯ ಪೂಜೆಗೆ ಬರುವವರ ಹೆಸರು, ಊರು ಬರೆದುಕೊಳ್ಳಲು ಮುಂದಿನ ಭಾನುವಾರದಿಂದ ಬಾಗಿಲಲ್ಲಿ ನಾವೇ ಕೂರುತ್ತೇವೆ.

ಗಡಿಯಾರದ ಅಮ್ಮನವರು ಮೊದಲ ದಿನ ಬರಲು ಒಪ್ಪಿದ್ದಾರೆ. ಸಾಯಂಕಾಲದವರೆಗೆ ಒಡೆಯದೆ ಇಟ್ಟುಕೊಳ್ಳುತ್ತಿದ್ದ ಆ ಕಾಗದಗಳಲ್ಲಿ ಒಂದು ಅವರ ಬಳಿ ಇನ್ನೂ ಇದೆಯಂತೆ. ಸಂಗ್ರಹಾಲಯಕ್ಕೆ ಕೊಡುವುದಿಲ್ಲ, ತೋರಿಸಿ ಮನೆಗೆ ತೆಗೆದುಕೊಂಡು ಹೋಗುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿದ್ದಾರೆ. ಹಾಗೆಯೇ ಆಗಲಿ ಎಂದಿದ್ದೇವೆ.