ಹಿಂದೆ ಬಂದವನ ಹೆಸರು ಬರೆಯಿರಿ

(ಹರದನಹಳ್ಳಿಯಲ್ಲಿ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ)



ನಮ್ಮ ಕೇರಿಯಿಂದ ಕಾಲೇಜಿಗೆ ಹೋಗುವ ಹುಡುಗಿ ಒಂದು ದಿನ ಬಸ್ಸು ಹತ್ತೋದನ್ನ ನಿಲ್ಲಿಸ್ತಾಳೆ. ಯಾಕೆ ಅಂತ ಯಾರೂ ಕೇಳೋದಿಲ್ಲ. ಕೇಳಿದರೆ 'ಗಂಡು ಗೊತ್ತಾಗಿದೆ', 'ಅವ್ವನಿಗೆ ಹುಷಾರಿಲ್ಲ' ಅಂತಾರೆ. ಬಸ್ ಸ್ಟ್ಯಾಂಡಿನಿಂದ ಕಾಲೇಜು ಗೇಟಿನ ತನಕ ಆರು ತಿಂಗಳು ಬೈಕಿನಲ್ಲಿ ಹಿಂದೆ ಬಂದವನ ಹೆಸರು ಆ ಮಾತಿನಲ್ಲಿ ಎಲ್ಲೂ ಬರೋದಿಲ್ಲ. ಅವನು ಪರೀಕ್ಷೆ ಬರೀತಾನೆ, ಗಣಪತಿ ಕೂರಿಸೋಕೆ ಚಂದಾ ಎತ್ತುತಾನೆ. ಓದು ಹೋದದ್ದು ಇವಳದು.

ನಮ್ಮ ಹಾಸ್ಟೆಲುಗಳಲ್ಲಿ ಇದಕ್ಕೆ 'ಲೈನ್ ಹೊಡೆಯೋದು' ಅಂತ ಹೆಸರು. ಸಿನಿಮಾದಲ್ಲಿ ಹುಡುಗಿ ಮುಖ ತಿರುಗಿಸಿದಷ್ಟೂ ಹೀರೋಗೆ ಹುಮ್ಮಸ್ಸು ಹೆಚ್ಚು, ಮೂರನೇ ಹಾಡಿಗೆ ಅವಳೇ ಓಡಿ ಬರ್ತಾಳೆ. ಕಾನೂನು ಕೂಡ ಬಹಳ ಕಾಲ ಹೆಚ್ಚುಕಮ್ಮಿ ಹಾಗೇ ಇತ್ತು. 1860ರ ದಂಡಸಂಹಿತೆಯಲ್ಲಿ ಹೆಣ್ಣಿನ 'ಮಾನ'ದ ಮಾತಿತ್ತು. ಹಿಂದೆ ಬಿದ್ದು ಕಾಡಿಸೋದು ಅಂತ ಒಂದು ಅಪರಾಧ ಇರಲಿಲ್ಲ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನಲ್ಲಿ ನಡೆದ ಅತ್ಯಾಚಾರಕ್ಕೆ ದೇಶ ಬೀದಿಗೆ ಬಂದ ಮೇಲೆ, ವರ್ಮಾ ಸಮಿತಿಯ ವರದಿಯ ಹಿಂದೆಯೇ, 2013ರಲ್ಲಿ 354ಡಿ ಅನ್ನೋ ಕಲಂ ಬಂತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಂ.

ಅದು ಹೇಳೋದು ಸರಳ. ಬೇಡ ಅಂತ ಹುಡುಗಿ ಸ್ಪಷ್ಟವಾಗಿ ತೋರಿಸಿದ ಮೇಲೂ ಗಂಡಸು ಮತ್ತೆ ಮತ್ತೆ ಹಿಂದೆ ಹೋಗಿ ಮಾತಿಗೆಳೆದರೆ, ಎಳೆಯೋಕೆ ನೋಡಿದರೆ, ಅಪರಾಧ. ಅವಳು ಮೊಬೈಲಿನಲ್ಲಿ, ಇಂಟರ್‌ನೆಟ್ಟಿನಲ್ಲಿ ಏನು ಮಾಡ್ತಾಳೆ ಅಂತ ಕಣ್ಣಿಟ್ಟರೂ ಅಪರಾಧ. ಮೊದಲ ಸಲ ಮೂರು ವರ್ಷದವರೆಗೆ ಸೆರೆ, ದಂಡ. ಎರಡನೇ ಸಲ ಶಿಕ್ಷೆಯಾದರೆ ಐದು ವರ್ಷದವರೆಗೆ. ಹುಡುಗಿಗೆ ಹದಿನೆಂಟು ತುಂಬಿರದಿದ್ದರೆ, ಅಂದರೆ ನಮ್ಮ ಪಿಯುಸಿ ಹುಡುಗಿಯರಲ್ಲಿ ಬಹುಪಾಲು, ಕೆಟ್ಟ ಉದ್ದೇಶದಿಂದ ಹಿಂಬಾಲಿಸಿದವನ ಮೇಲೆ ಪೋಕ್ಸೊ ಕೂಡ ಬರ್ತದೆ.

ಆದರೆ ಮೊದಲ ಸಲದ ಅಪರಾಧಕ್ಕೆ ಠಾಣೆಯಲ್ಲೇ ಜಾಮೀನು. ಬೆಳಿಗ್ಗೆ ಹಿಡಿದರೆ ಸಂಜೆಗೆ ಅದೇ ಬಸ್ ಸ್ಟ್ಯಾಂಡು, ಅದೇ ಬೈಕು, ಜೊತೆಗೆ ಸೇಡು. ಇದನ್ನು ಬರೆದವರು ಹಳ್ಳಿಯ ಬಸ್ಸಿಗೆ ಕಾದವರಲ್ಲ ಅಂತ ನಮಗೆ ಅನ್ನಿಸ್ತದೆ.

ಇಲ್ಲಿ ನಮ್ಮ ಕೈಗೆ ಬರೋದು 1989ರ ದೌರ್ಜನ್ಯ ತಡೆ ಕಾಯ್ದೆ. ಅದನ್ನು ಬೆಂಕಿ ಬಿದ್ದಾಗ, ಕೊಲೆಯಾದಾಗ ಮಾತ್ರ ನೆನೆಯುತ್ತೇವೆ. 2015ರ ತಿದ್ದುಪಡಿಯಲ್ಲಿ ಅದರ ಅನುಸೂಚಿಗೆ ಈ 354ಡಿಯೂ ಸೇರಿದೆ. ದಲಿತ ಹುಡುಗಿ ಅಂತ ಗೊತ್ತಿದ್ದೂ ಬೇರೆ ಜಾತಿಯವನು ಹಿಂದೆ ಬಿದ್ದರೆ ಕಲಂ 3(2)(ವಿಎ) ಕೂಡ ಬರೆಯಬೇಕು. ಸೆರೆಯ ವರ್ಷಗಳು ಅಷ್ಟೇ. ಆದರೆ ಸುತ್ತಲಿನದೆಲ್ಲ ಬದಲಾಗ್ತದೆ. ತನಿಖೆ ಡಿವೈಎಸ್‌ಪಿ ದರ್ಜೆಯವರದು. ವಿಚಾರಣೆ ವಿಶೇಷ ಕೋರ್ಟಿನಲ್ಲಿ. ಮೇಲ್ನೋಟಕ್ಕೆ ಕೇಸೇ ಇಲ್ಲ ಅಂತ ಕೋರ್ಟಿಗೆ ಕಾಣದ ಹೊರತು ನಿರೀಕ್ಷಣಾ ಜಾಮೀನಿಲ್ಲ. ಜಾಮೀನಿನ ಮಾತು ಬಂದಾಗ ಹುಡುಗಿಯ ಮಾತನ್ನೂ ಕೇಳಬೇಕು. ಅವಳಿಗೂ ಸಾಕ್ಷಿಗಳಿಗೂ ರಕ್ಷಣೆ, ಓಡಾಟದ ಖರ್ಚು, ಬೇಕಾದರೆ ಬೇರೆ ಕಡೆ ನೆಲೆ, ಇದೆಲ್ಲ 15ಎ ಕಲಂನಲ್ಲಿ ಹಕ್ಕು ಅಂತಲೇ ಬರೆದಿದೆ. ಸಂಘಟನೆಯವರನ್ನು ಜೊತೆಗೆ ಕರಕೊಂಡು ಹೋಗುವುದೂ ಅದರಲ್ಲಿದೆ. 'ನೀವೆಲ್ಲ ಯಾಕ್ರೀ ಬಂದ್ರಿ' ಅಂತ ಠಾಣೆಯಲ್ಲಿ ಕೇಳಿದರೆ ಆ ಕಲಂ ತೋರಿಸಿ.

'ಅವಳ ಜಾತಿ ನಂಗೆ ಗೊತ್ತಿರಲಿಲ್ಲ ಸಾರ್' ಅನ್ನೋದು ಹಳೆಯ ಪಾಠ. ಆರೋಪಿಗೆ ಹುಡುಗಿಯ ಅಥವಾ ಅವಳ ಮನೆಯವರ ಪರಿಚಯವಿದ್ದರೆ ಜಾತಿಯೂ ಗೊತ್ತಿತ್ತು ಅಂತಲೇ ಕೋರ್ಟು ಭಾವಿಸಬೇಕು. ಅಲ್ಲ ಅಂತ ಸಾಬೀತು ಮಾಡೋದು ಅವನ ಕೆಲಸ. 8ನೇ ಕಲಂ. ಕೇರಿಯನ್ನೇ ಬೇರೆ ಮಾಡಿಟ್ಟ ಊರಿನಲ್ಲಿ ಜಾತಿ ಗೊತ್ತಿಲ್ಲ ಅನ್ನೋನು ಯಾರಪ್ಪ?

ಕಾನೂನು ಇದ್ದೂ ದೂರನ್ನು ಕಿವಿಗೆ ಹಾಕಿಕೊಳ್ಳದಿದ್ದರೆ ಏನಾಗ್ತದೆ ಅನ್ನೋದಕ್ಕೆ ಹುಬ್ಬಳ್ಳಿ ನೋಡಿ. 2024ರ ಏಪ್ರಿಲ್ 18ರಂದು ಅಲ್ಲಿ ಕಾಲೇಜಿನ ಆವರಣದಲ್ಲೇ ಒಬ್ಬ ವಿದ್ಯಾರ್ಥಿನಿಯನ್ನು ಇರಿದು ಕೊಂದರು. ಸತ್ತವಳ ಧರ್ಮ, ಇರಿದವನ ಧರ್ಮ ಅಂತ ವಾರಗಟ್ಟಲೆ ಗದ್ದಲ. ತಿಂಗಳು ತುಂಬುವ ಹೊತ್ತಿಗೆ, ಮೇ 15ರ ಬೆಳಗಿನ ಜಾವ, ಅದೇ ಊರಿನ ವೀರಾಪುರ ಓಣಿಯ ಬಡವರ ಮನೆಗೆ ನುಗ್ಗಿ ಇನ್ನೊಬ್ಬ ಹುಡುಗಿಯನ್ನು ಇರಿದರು. ಬೆದರಿಕೆ ಇದೆ ಅಂತ ಪೊಲೀಸರಿಗೆ ಮೊದಲೇ ಹೇಳಿದ್ದೆವು, ಲೆಕ್ಕಕ್ಕೆ ತಗೊಳ್ಳಲಿಲ್ಲ ಅಂತ ಅವಳ ಮನೆಯವರು ಅತ್ತರು. ಇನ್‌ಸ್ಪೆಕ್ಟರ್ ಅಮಾನತಾದರು, ಹುಡುಗಿ ಮಣ್ಣಾದ ಮೇಲೆ.

ನಮ್ಮ ತಾಲ್ಲೂಕಿನ ಮಾತಿಗೂ ಬರೋಣ. ಹರದನಹಳ್ಳಿ ಪ್ರಧಾನಿಯನ್ನು ಕೊಟ್ಟ ಊರು. ಅದೇ ಮನೆತನದ, ಆಗ ಹಾಸನದ ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರ ಹೆಸರಿದ್ದ ಮೊದಲ ಎಫ್‌ಐಆರ್ ದಾಖಲಾದದ್ದು 2024ರ ಏಪ್ರಿಲ್ 28ರಂದು, ಹೊಳೆನರಸೀಪುರ ಟೌನ್ ಠಾಣೆಯಲ್ಲಿ, ಮನೆಕೆಲಸ ಮಾಡಿದ್ದ ಹೆಂಗಸಿನ ದೂರಿನ ಮೇಲೆ. ಅದರಲ್ಲಿದ್ದ ಕಲಂಗಳಲ್ಲಿ 354ಡಿ ಒಂದು. ಎಫ್‌ಐಆರ್ ತೀರ್ಪಲ್ಲ, ಅದು ನಮಗೂ ಗೊತ್ತು. ಬೇರೊಂದು ಪ್ರಕರಣದಲ್ಲಿ, ಮನೆಕೆಲಸದ ಇನ್ನೊಬ್ಬ ಹೆಂಗಸಿನ ಮೇಲಿನ ಅತ್ಯಾಚಾರಕ್ಕಾಗಿ, 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ಕೋರ್ಟು ಅವರಿಗೆ ಜೀವಾವಧಿ ವಿಧಿಸಿತು; ಅವರು ಹೈಕೋರ್ಟಿಗೆ ಮೇಲ್ಮನವಿ ಹೋಗಿದ್ದಾರೆ. ಆ ಎತ್ತರದ ಗೋಡೆಯ ಎದುರು ಮನೆಗೆಲಸದ ಹೆಂಗಸರು ಸಹಿ ಹಾಕಿದರು.

ಆದರೆ ಅದೇ ಏಪ್ರಿಲ್‌ನಲ್ಲಿ ಪೆನ್‌ಡ್ರೈವ್‌ಗಳು ಹಾಸನದ ಬೀದಿಗೆ ಬಿದ್ದವಲ್ಲ, ಅವುಗಳಲ್ಲಿ ಹೆಂಗಸರ ಮುಖ ಮುಚ್ಚಿರಲಿಲ್ಲ. ಮೊಬೈಲಿಂದ ಮೊಬೈಲಿಗೆ ಕಳಿಸಿದವರು ದೊಡ್ಡ ಮನೆಯವರಲ್ಲ, ನಮ್ಮಂಥವರೇ. ಅತ್ಯಾಚಾರಕ್ಕೊಳಗಾದವರ ಗುರುತು ಬಯಲು ಮಾಡೋದು ಪ್ರತ್ಯೇಕ ಅಪರಾಧ. ಯಾರ ಮೊಬೈಲಿನಲ್ಲಾದರೂ ಇನ್ನೂ ಇದ್ದರೆ ಈ ಸಭೆ ಮುಗಿಯೋದರೊಳಗೆ ಅಳಿಸಿ.

ಹಿಂದೆ ಬಿದ್ದವನು ನಮ್ಮ ಕೇರಿಯವನೇ, ನಮ್ಮ ಹಾಸ್ಟೆಲಿನವನೇ ಆದರೆ? ದೌರ್ಜನ್ಯ ಕಾಯ್ದೆ ಬರೋದಿಲ್ಲ, 78 ಬರ್ತದೆ. 'ನಮ್ಮೋನು ಕಣ್ರೋ, ಬಿಟ್ಬಿಡಿ' ಅನ್ನೋದು ಗೌಡರ ಜಗಲಿಯ ರಾಜಿ ಪಂಚಾಯ್ತಿಯ ಮಾತೇ. ನಮ್ಮ ಬಾಯಲ್ಲಿ ಬಂದರೆ ಅದಕ್ಕೆ ಬೇರೆ ಬಣ್ಣ ಬರೋದಿಲ್ಲ.

ಈಗ ಮಾಡೋ ಕೆಲಸ. ಮೊದಲ ದಿನದಿಂದ ನೋಟ್‌ಬುಕ್ಕಿನಲ್ಲಿ ಬರೆದಿಡಿ: ತಾರೀಕು, ಹೊತ್ತು, ಜಾಗ, ಬೈಕಿನ ನಂಬರು, ಜೊತೆಯಲ್ಲಿದ್ದವರು. ಮೆಸೇಜುಗಳನ್ನು ಸಿಟ್ಟಿನಲ್ಲಿ ಅಳಿಸಬೇಡಿ. 'ಬೇಡ' ಅಂತ ಒಮ್ಮೆ ಸ್ಪಷ್ಟವಾಗಿ ಹೇಳಿ ಅಥವಾ ಬರೆದು ಕಳಿಸಿ. ಕಾನೂನು ಹುಡುಕೋದು ಅದನ್ನೇ. ದೂರು ಯಾವ ಠಾಣೆಯಲ್ಲಾದರೂ ಕೊಡಬಹುದು, ಬರೆದುಕೊಳ್ಳೋದು ಮಹಿಳಾ ಅಧಿಕಾರಿಯೇ ಆಗಬೇಕು. ಜಾತಿ ಪ್ರಮಾಣಪತ್ರದ ನಕಲು ಜೊತೆಗಿಡಿ. ತಡ ಮಾಡಬೇಡಿ. ಮೂರು ವರ್ಷದವರೆಗಿನ ಶಿಕ್ಷೆಯ ಅಪರಾಧಕ್ಕೆ ಮೂರೇ ವರ್ಷದ ಕಾಲಮಿತಿ. ಅದು ದಾಟಿದರೆ ತಡಕ್ಕೆ ಕಾರಣ ಕೊಟ್ಟು ಕೋರ್ಟನ್ನು ಒಪ್ಪಿಸಬೇಕು. ವಕೀಲರ ಫೀಸಿಗೆ ಹೆದರಬೇಡಿ. ಹೆಂಗಸರಿಗೂ ಪರಿಶಿಷ್ಟರಿಗೂ, ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಸಮಿತಿಯಿಂದ ವಕೀಲರು ಉಚಿತ. ಆ ಕ್ಷಣದ ಅಪಾಯಕ್ಕೆ 112.

ಠಾಣೆಯವರು ಬರೆದುಕೊಳ್ಳದಿದ್ದರೆ ಅದೇ ದೂರನ್ನು ಪೋಸ್ಟಿನಲ್ಲಿ ಹಾಸನದ ಎಸ್‌ಪಿಗೆ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಿ. ದಲಿತರ ದೂರನ್ನು ಬೇಕೆಂದೇ ದಾಖಲಿಸದ, ಪರಿಶಿಷ್ಟನಲ್ಲದ ಅಧಿಕಾರಿಗೆ 4ನೇ ಕಲಂ ಪ್ರಕಾರ ಆರು ತಿಂಗಳಿಂದ ಒಂದು ವರ್ಷ ಸೆರೆ. ಬರೆದುಕೊಂಡರೆ ಓದಿ ಹೇಳಿಸಿಕೊಂಡ ಮೇಲೇ ಸಹಿ ಹಾಕಿ. ಎಫ್‌ಐಆರ್‌ನ ನಕಲು ಉಚಿತ, ಅದನ್ನು ಇಸ್ಕೊಂಡೇ ಹೊರಗೆ ಬನ್ನಿ.