ಗುಂಪಿಗೊಬ್ಬ ಭಾಗವತ ಬೇಕು

(ನಾಯ್ಮಾರ್ಮೂಲೆಯಲ್ಲಿ ಕಳೆದ ಭಾನುವಾರ ನಮ್ಮ ವಾಟ್ಸಾಪ್ ಗುಂಪಿನವರು ಮುಖಾಮುಖಿ ಸೇರಿದಾಗ ಆಡಿದ ಮಾತು. ಬರಲಾಗದವರು ಕೇಳಿದ್ದರಿಂದ ಬರಹದಲ್ಲಿ ಹಾಕುತ್ತಿದ್ದೇವೆ.)



ಹಿರಿಯರೇ, ಅಕ್ಕಂದಿರೇ, ಅಣ್ಣಂದಿರೇ, ಹಿಂದಿನ ಸಾಲಿನಲ್ಲಿ ಮೊಬೈಲ್ ಹಿಡಿದುಕೊಂಡು ಕೂತಿರುವ ಮಕ್ಕಳೇ. ಮೊಬೈಲ್ ಒಳಗಿಡಿ ಅಂತ ನಾನು ಹೇಳ್ಲಿಕ್ಕಿಲ್ಲ. ಇವತ್ತಿನ ಮಾತೇ ಅದರ ಬಗ್ಗೆ.

ಈ ಜಾಗಕ್ಕೆ ನಾವು ನಾಯ್ಮಾರ್ಮೂಲೆ ಅಂತೇವೆ. ಬಸ್ಸಿನ ಕಂಡಕ್ಟರ್ 'ಮೂಲ' ಅಂತ ಕೂಗ್ತಾನೆ. ಮಲಯಾಳದಲ್ಲಿ ಮೂಲ ಅಂದರೂ ಮೂಲೆಯೇ. ಇಬ್ಬರೂ ಇಳಿಯುವುದು ಒಂದೇ ಸ್ಟಾಪಿನಲ್ಲಿ. ಇಲ್ಲಿಂದ ಸ್ವಲ್ಪ ಆಚೆ ಹೋದರೆ ವಿದ್ಯಾನಗರ, ಅಲ್ಲಿ ಕಲೆಕ್ಟರೇಟು, ಕನ್ನಡ ವಿಭಾಗ ಇರುವ ಸರಕಾರಿ ಕಾಲೇಜು. ನಮ್ಮ ಅರ್ಜಿ, ನಮ್ಮ ಧರಣಿ, ನಮ್ಮ ಓದು, ಎಲ್ಲ ಈ ರಸ್ತೆಯಲ್ಲೇ ಓಡಾಡಿದೆ.

ನಾನು ಇವತ್ತು ಒಂದು ತಪ್ಪೊಪ್ಪಿಗೆಯಿಂದ ಶುರು ಮಾಡ್ತೇನೆ.

ಒಂದು ಮೇ ತಿಂಗಳಲ್ಲಿ ನಮ್ಮ ಗುಂಪಿಗೆ ಒಬ್ಬರು ತಾಯಿ ಒಂದು ಪ್ರಶ್ನೆ ಹಾಕಿದರು. ಮನೆಮಾತು ಬೇರೆ. ಕನ್ನಡ ಶಾಲೆಯಲ್ಲಿ ಐದನೆಯವರೆಗೆ ಓದಿದವರು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದರು, ಅಲ್ಲಲ್ಲಿ ಮಲಯಾಳ ಸೇರಿತ್ತು. ಪ್ರಶ್ನೆ ಇಷ್ಟೇ: "ನನ್ನ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಬೇಕು, ಹತ್ತಿರದ ಶಾಲೆಯಲ್ಲಿ ಕನ್ನಡ ಡಿವಿಷನ್ ಈಗಲೂ ಉಂಟಾ?"

ಅವರಿಗೆ ಸಿಕ್ಕ ಉತ್ತರ ಕೇಳಿ. ಒಬ್ಬರು ಅವರ ಕಾಗುಣಿತ ತಿದ್ದಿದರು. ಇನ್ನೊಬ್ಬರು "ಮೊದಲು ನೀವು ಕನ್ನಡ ಕಲಿಯಿರಿ, ಆಮೇಲೆ ಮಗುವಿಗೆ" ಅಂದರು. ಮೂರನೆಯವರು 1956ರ ನವೆಂಬರ್ 1ರಿಂದ ಹಿಡಿದು ಮಹಾಜನ ವರದಿಯವರೆಗೆ ಇಡೀ ಚರಿತ್ರೆ ಹಾಕಿದರು. ಅದು ಒಳ್ಳೆಯ ಲೇಖನವೇ. ಆದರೆ ಆ ತಾಯಿ ಕೇಳಿದ್ದು ಅದನ್ನಲ್ಲ. ಶಾಲೆಯಲ್ಲಿ ಡಿವಿಷನ್ ಉಂಟೋ ಇಲ್ಲವೋ ಅಂತ ಹೇಳಿದವರು ಒಬ್ಬರೂ ಇಲ್ಲ. ರಾತ್ರಿ ಹತ್ತರ ಹೊತ್ತಿಗೆ ಅವರು ಗುಂಪು ಬಿಟ್ಟು ಹೋದರು.

ಆ ಗುಂಪಿನ ಅಡ್ಮಿನ್ ನಾನು. ಕಾಗುಣಿತದ ತಮಾಷೆಗೆ ನಗುವ ಮುಖ ಒತ್ತಿದವರಲ್ಲಿ ನಾನೂ ಒಬ್ಬ.

ಜೂನಿನಲ್ಲಿ ಆ ಮಗು ಬೇರೆ ಮಾಧ್ಯಮಕ್ಕೆ ಸೇರಿತು. ಇಲ್ಲಿ ಇರುವ ಮೇಷ್ಟ್ರುಗಳಿಗೆ ನಾನು ಹೇಳಬೇಕಾಗಿಲ್ಲ, ಶಾಲೆ ಶುರುವಾಗಿ ಆರನೇ ದಿನ ಮಕ್ಕಳ ತಲೆ ಲೆಕ್ಕ ಮಾಡ್ತಾರೆ. ಆ ಲೆಕ್ಕದ ಮೇಲೆ ಡಿವಿಷನ್ ನಿಲ್ಲುತ್ತದೆ, ಡಿವಿಷನಿನ ಮೇಲೆ ಮೇಷ್ಟ್ರ ಹುದ್ದೆ ನಿಲ್ಲುತ್ತದೆ. ಒಂದು ಮಗು ಅಂದರೆ ನಮಗೆ ಅಷ್ಟು ದೊಡ್ಡದು. ಬೇರೆ ಯಾರೂ ನಮ್ಮಿಂದ ಅದನ್ನು ಕಿತ್ತುಕೊಳ್ಳಲಿಲ್ಲ. ನಾವೇ ನಗಾಡಿ ಕಳೆದುಕೊಂಡೆವು.

ಅವತ್ತಿನಿಂದ ನನ್ನ ತಲೆಯಲ್ಲಿ ಒಂದೇ ಯೋಚನೆ. ನಮ್ಮ ಗುಂಪು ನಡೆಸುವ ರೀತಿ ಎಲ್ಲಿ ತಪ್ಪಿತು? ನಾಯಕತ್ವ ಅಂತ ತರಬೇತಿ ಕೊಡುವವರು ತುಂಬ ಜನ ಇದ್ದಾರೆ. ನನಗೆ ಉತ್ತರ ಸಿಕ್ಕಿದ್ದು ಒಂದು ತಾಳಮದ್ದಳೆಯಲ್ಲಿ.

ಯಕ್ಷಗಾನದ ಪಾರ್ತಿಸುಬ್ಬ ಕುಂಬಳೆಯವ. ಹಾಗಾಗಿ ಇದು ನಮ್ಮ ಮಣ್ಣಿನದೇ ಕಲೆ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ನಮ್ಮ ವಾಟ್ಸಾಪ್ ಗುಂಪಿನಲ್ಲಿಯೂ ಬರೀ ಮಾತೇ ಅಲ್ವಾ? ಆದರೆ ಅಲ್ಲಿ ರಾತ್ರಿ ಇಡೀ ವಾದ ನಡೆದು, ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಕೂತು ಕಾಪಿ ಕುಡಿದು ಮನೆಗೆ ಹೋಗ್ತಾರೆ. ಇಲ್ಲಿ ಅರ್ಧ ಗಂಟೆ ವಾದ ನಡೆದರೆ ನಾಲ್ಕು ಜನ 'ಲೆಫ್ಟ್'.

ವ್ಯತ್ಯಾಸ ಎಂತ? ಅಲ್ಲಿ ಭಾಗವತರು ಇದ್ದಾರೆ.

ಭಾಗವತರು ವಾದ ಮಾಡುವುದಿಲ್ಲ. ಪದ್ಯ ಹೇಳಿ ಪ್ರಸಂಗ ಎತ್ತಿಕೊಡ್ತಾರೆ, ಯಾರು ಮಾತಾಡಬೇಕೋ ಅವರಿಗೆ ದಾರಿ ಬಿಡ್ತಾರೆ. ಹೊಸ ಹುಡುಗ ಒಬ್ಬ ಅರ್ಥಕ್ಕೆ ಕೂತು ಮಾತು ತಡವರಿಸಿದರೆ, ಮುಂದಿನ ಪದ್ಯ ಎತ್ತಿ ಅವನ ಮಾನ ಉಳಿಸ್ತಾರೆ. ದೊಡ್ಡ ಅರ್ಥಧಾರಿ ಪ್ರಸಂಗ ಬಿಟ್ಟು ಊರೆಲ್ಲ ಸುತ್ತಲಿಕ್ಕೆ ಹೊರಟರೆ, ಅದೇ ಜಾಗಟೆ, ಅದೇ ಪದ್ಯ, ನಯವಾಗಿ ನಿಲ್ಲಿಸ್ತಾರೆ. ಯಾರನ್ನೂ ಬಯ್ಯುವುದಿಲ್ಲ. ಇಡೀ ರಾತ್ರಿ ಅವರ ಹಿಡಿತದಲ್ಲಿ ಇರ್ತದೆ. ಅಡ್ಮಿನ್ ಅಂದರೆ ಇದು ಮಾರಾಯ್ರೆ. ಆ ತಾಯಿ ಪ್ರಶ್ನೆ ಹಾಕಿದ ದಿನ ನಾನು ಜಾಗಟೆ ಕೆಳಗಿಟ್ಟು, ಸಭೆಯ ಮೂಲೆಯಲ್ಲಿ ಕೂತು ನಗಾಡಿದ ಭಾಗವತ.

ಎರಡನೆಯದು, ಪಾತ್ರ. ತಾಳಮದ್ದಳೆಯಲ್ಲಿ ಇವತ್ತು ರಾಮನ ಅರ್ಥ ಹೇಳಿದವರು ನಾಳೆ ವಾಲಿಗೆ ಕೂರ್ತಾರೆ. ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿ, ರಾವಣರ ಪರವಾಗಿ ಮಾತಾಡಿದ್ದನ್ನು ಕೇಳಿದವರು ಇಲ್ಲಿ ಇದ್ದೀರಿ. ಮರದ ಮರೆಯಿಂದ ಯಾಕೆ ಬಾಣ ಬಿಟ್ಟೆ ಅಂತ ವಾಲಿ ಕೇಳುವಾಗ ಸಭೆಯ ಕಣ್ಣಲ್ಲಿ ನೀರು. ಹಾಗಂತ ರಾಮನ ಪಕ್ಷ ಸೋತಿತಾ? ಇಲ್ಲ. ವಾಲಿಯ ಮಾತನ್ನು ಪೂರ್ತಿ ಕೇಳಿದ ಮೇಲೆ ರಾಮ ಕೊಡುವ ಉತ್ತರಕ್ಕೆ ತೂಕ ಬರುತ್ತದೆ.

ಪರಾನುಭೂತಿ ಅಂದರೆ ನನಗೆ ಅರ್ಥವಾದದ್ದು ಇಷ್ಟು: ಎದುರಿನವನ ಅರ್ಥವನ್ನೂ ಹೇಳಲಿಕ್ಕೆ ಬರಬೇಕು.

ಒಂದು ಉದಾಹರಣೆ ತೆಗೊಳ್ಳಿ. ಕನ್ನಡ ಬಾರದ ಮೇಷ್ಟ್ರು ಕನ್ನಡ ಶಾಲೆಗೆ ಬಂದರೆ ನಮಗೆ ಸಿಟ್ಟು ಬರುತ್ತದೆ, ಬರಬೇಕು ಕೂಡ. ಗಣಿತ ಅರ್ಥವಾಗದೆ ಕೂತ ಮಗುವಿನ ವರ್ಷ ಯಾರೂ ತಿರುಗಿ ಕೊಡುವುದಿಲ್ಲ. ಆದರೆ ಆ ಮೇಷ್ಟ್ರು ಯಾರು? ಯಾವುದೋ ದೂರದ ಜಿಲ್ಲೆಯಿಂದ ಪರೀಕ್ಷೆ ಬರೆದು, ಪಟ್ಟಿಯಲ್ಲಿ ಹೆಸರು ಬಂದು, ಕೊಟ್ಟ ಜಾಗಕ್ಕೆ ಬಂದವರು. ತರಗತಿಯಲ್ಲಿ ನಿಂತು ಮಕ್ಕಳ ಮುಖ ನೋಡುವಾಗ ಅವರಿಗೂ ನೆಮ್ಮದಿ ಇರ್ಲಿಕ್ಕಿಲ್ಲ. ತಪ್ಪು ನೇಮಕಾತಿಯ ಕ್ರಮದ್ದು. ಅವರ ಫೋಟೋ ಹಾಕಿ ಬಯ್ದರೆ ಕ್ರಮ ಬದಲಾಗುವುದಿಲ್ಲ, ನಮ್ಮ ದೂರಿನ ತೂಕ ಕಡಿಮೆಯಾಗುತ್ತದೆ. ದೂರನ್ನು ಗಟ್ಟಿಯಾಗಿ ಕೊಡುವ, ಮನುಷ್ಯನನ್ನು ಬಿಡುವ.

ಇದು ಸೋಲುವ ಮಾತು ಅಂತ ಯಾರಿಗಾದರೂ ಅನ್ನಿಸಿದರೆ ಕಯ್ಯಾರ ಕಿಞ್ಞಣ್ಣ ರೈಗಳನ್ನು ನೆನಪು ಮಾಡಿಕೊಳ್ಳಿ. ಕಾಸರಗೋಡಿನ ಕನ್ನಡ ಹೋರಾಟಕ್ಕೆ ಅವರಿಗಿಂತ ದೊಡ್ಡ ದನಿ ಯಾವುದಿತ್ತು? 2015ರಲ್ಲಿ ನೂರು ವರ್ಷ ತುಂಬಿಸಿ ಹೋಗುವವರೆಗೂ ಆ ಆಸೆ ಬಿಡಲಿಲ್ಲ. ಅದೇ ಕಯ್ಯಾರರು ಮಲಯಾಳದ ಮಹಾಕವಿ ಕುಮಾರನ್ ಆಶಾನ್ ಅವರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ತುಳುವಿನಲ್ಲಿಯೂ ಬರೆದರು. ಮಂಜೇಶ್ವರದ ಗೋವಿಂದ ಪೈಗಳು ಎಷ್ಟೆಷ್ಟೋ ಭಾಷೆ ಕಲಿತರು, ಕನ್ನಡ ಬಿಟ್ಟರಾ? ನಮ್ಮದು ಸಪ್ತಭಾಷಾ ಸಂಗಮ ಭೂಮಿ ಅಂತ ಪ್ರತಿ ಭಾಷಣದಲ್ಲಿ ಹೇಳ್ತೇವೆ. ಬ್ಯಾರಿ ಮಾತಾಡುವ ಮನೆಯಿಂದ, ಮರಾಠಿ ಮಾತಾಡುವ ಮನೆಯಿಂದ, ಮಲಯಾಳ ಮಾತಾಡುವ ಮನೆಯಿಂದಲೂ ಮಕ್ಕಳು ಕನ್ನಡ ಶಾಲೆಗೆ ಬಂದ ಊರು ಇದು. ಅವರ ಕನ್ನಡ ನಮ್ಮ ಕನ್ನಡದ ಹಾಗೆ ಇರ್ಲಿಕ್ಕಿಲ್ಲ. ಆದರೆ ಆರನೇ ದಿನದ ಲೆಕ್ಕದಲ್ಲಿ ಅವರೂ ಒಂದೇ, ನಾವೂ ಒಂದೇ.

ಮೂರನೆಯದು, ಕಥೆ.

ನಾವು ಮನವಿ ಬರೆಯುವುದರಲ್ಲಿ ಪಳಗಿದವರು. 2017ರಲ್ಲಿ ಮಲಯಾಳ ಕಡ್ಡಾಯ ಕಾಯ್ದೆ ಬಂದಾಗಲೂ ಎಷ್ಟು ಮನವಿ, ಎಷ್ಟು ಧರಣಿ. ಅದು ಬೇಕು, ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಮರುವರ್ಷ, 2018ರಲ್ಲಿ, ರಿಷಬ್ ಶೆಟ್ಟಿಯವರ 'ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು' ಸಿನೆಮಾ ಬಂತು. ಗಡಿನಾಡಿನ ಒಂದು ಕನ್ನಡ ಶಾಲೆ ಮುಚ್ಚುವ ಕಥೆಯನ್ನು ಮಕ್ಕಳ ಬಾಯಿಂದ ಹೇಳಿತು. ಆ ಸಿನೆಮಾಕ್ಕೆ ಮಕ್ಕಳ ಚಿತ್ರದ ರಾಷ್ಟ್ರಪ್ರಶಸ್ತಿಯೂ ಸಿಕ್ಕಿತು. ಕಾಸರಗೋಡು ಎಲ್ಲಿದೆ ಅಂತ ಗೊತ್ತಿಲ್ಲದವರು ಕೂಡ ಆ ಮಕ್ಕಳೊಟ್ಟಿಗೆ ನಕ್ಕರು, ಅತ್ತರು. ಸಂವಿಧಾನದ 350 ಎ ವಿಧಿ ಏನು ಹೇಳುತ್ತದೆ ಅಂತ ನಾವು ಹತ್ತು ಸಲ ಹೇಳಿದ್ದನ್ನು ಆ ಕಥೆ ಒಂದೇ ಸಲಕ್ಕೆ ಮನಸ್ಸಿಗೆ ಮುಟ್ಟಿಸಿತು.

ಇನ್ನೂ ದೊಡ್ಡ ಸಾಕ್ಷಿ ಬೇಕಾದರೆ ಎಂಡೋಸಲ್ಫಾನ್. ಹೆಲಿಕಾಪ್ಟರಿನಿಂದ ಗೇರು ತೋಟದ ಮೇಲೆ ವಿಷ ಬೀಳುತ್ತಿದ್ದ ಕಾಲದಲ್ಲಿ, ಎಣ್ಮಕಜೆಯ ಪಡ್ರೆಯ ಕಡೆ ಹಟ್ಟಿಯಲ್ಲಿ ಅಂಗ ಸರಿಯಿಲ್ಲದ ಕರುಗಳು ಹುಟ್ಟಿದವು. ಶ್ರೀ ಪಡ್ರೆಯವರು ಅದನ್ನು ನೋಡಿದರು, ಬರೆದರು. ಡಾಕ್ಟರ್ ಮೋಹನ ಕುಮಾರರು ತಮ್ಮಲ್ಲಿ ಬರುವ ರೋಗಿಗಳ ಮನೆಮನೆಯ ಕಥೆಯನ್ನು ಒಂದಕ್ಕೊಂದು ಜೋಡಿಸಿ ನೋಡಿದರು, ಯಾಕೆ ಒಂದೇ ಕಡೆ ಇಷ್ಟು ಕಾಯಿಲೆ ಅಂತ ಕೇಳಿದರು. ದಕ್ಷಿಣದಲ್ಲಿ ಪೆರಿಯೆಯ ಲೀಲಾಕುಮಾರಿ ಅಮ್ಮ ಕೋರ್ಟಿಗೆ ಹೋದರು. ಒಬ್ಬರದು ಕನ್ನಡ, ಇನ್ನೊಬ್ಬರದು ಮಲಯಾಳ. ನೋವಿಗೆ ಮಾಧ್ಯಮದ ಡಿವಿಷನ್ ಇರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಅದನ್ನು ತಡೆಯಿತು. ಅದರ ಹಿಂದೆ ಎಷ್ಟೋ ಜನರ ಹೋರಾಟ ಇದೆ. ಆದರೆ ಆರಂಭ ಆದದ್ದು ಪಕ್ಕದ ಮನೆಯ ಕಷ್ಟವನ್ನು ಯಾರೋ ಗಮನಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದರಿಂದ.

'ಇದ್ದ ಹಾಗೆ' ಅಂದೆ. ಇದನ್ನು ಸ್ವಲ್ಪ ಒತ್ತಿ ಹೇಳಬೇಕು. 2021ರ ಜೂನಿನಲ್ಲಿ ಕಾಸರಗೋಡಿನ ಊರ ಹೆಸರುಗಳನ್ನು ಸರಕಾರ ಬದಲಾಯಿಸುತ್ತದೆ, ಮಧೂರು ಮಧುರಂ ಆಗುತ್ತದೆ, ಮಲ್ಲ ಮಲ್ಲಂ ಆಗುತ್ತದೆ ಅಂತ ಸುದ್ದಿ ಹಬ್ಬಿತು. ಬೆಂಗಳೂರಿನವರೆಗೆ ಗಲಾಟೆಯಾಯಿತು. ಅಂಥ ತೀರ್ಮಾನವೇ ಇಲ್ಲ ಅಂತ ಇಲ್ಲಿನ ಆಡಳಿತ ಹೇಳಿತು. ಬೋರ್ಡುಗಳಲ್ಲಿ, ಕಾಗದಪತ್ರಗಳಲ್ಲಿ ನಮ್ಮ ಊರಿನ ಹೆಸರು ನಿಧಾನಕ್ಕೆ ತಿರುಚಿಕೊಳ್ಳುವುದು ನಮಗೆಲ್ಲ ಕಾಣುವ ವಿಷಯ. ಆದರೆ ಆದೇಶ ಬಂತು ಅಂತ ನಾವು ಫಾರ್ವರ್ಡ್ ಮಾಡಿದೆವು, ಆದೇಶ ತೋರಿಸಿ ಅಂದಾಗ ಕೈಯಲ್ಲಿ ಏನೂ ಇರಲಿಲ್ಲ. ಒಂದು ಬೋರ್ಡಿನ ಫೋಟೋ, ತಾರೀಕು, ಜಾಗದ ಹೆಸರು, ಇಷ್ಟು ಇಟ್ಟುಕೊಂಡು ಹೋಗಿದ್ದರೆ ಯಾರೂ ನಮ್ಮನ್ನು ಬಾಯಿ ಮುಚ್ಚಿಸುತ್ತಿರಲಿಲ್ಲ.

ಹಾಗಾದರೆ ನಾಳೆಯಿಂದ ಎಂತ ಮಾಡುವ? ನಾನು ನಾಲ್ಕು ಸಂಗತಿ ಹೇಳ್ತೇನೆ, ಸರಿ ಕಂಡರೆ ಒಪ್ಪಿಕೊಳ್ಳಿ.

ಒಂದು, ಗುಂಪಿನಲ್ಲಿ ಯಾರು ಪ್ರಶ್ನೆ ಕೇಳಿದರೂ ಮೊದಲು ಉತ್ತರ, ಆಮೇಲೆ ಚರ್ಚೆ. ಗೊತ್ತಿಲ್ಲದಿದ್ದರೆ "ಕೇಳಿ ಹೇಳ್ತೇನೆ" ಅನ್ನಿ, ಕೇಳಿ ಹೇಳಿ.

ಎರಡು, ಕಾಗುಣಿತ ಸಭೆಯಲ್ಲಿ ತಿದ್ದಬೇಡಿ. ಕಂಗ್ಲಿಷ್‌ನಲ್ಲಿ ಬರೆದರೂ, ಮಲಯಾಳ ಸೇರಿಸಿ ಬರೆದರೂ, ಬರೆಯಲು ಬಾರದವರು ದನಿ ಕಳಿಸಿದರೂ ಸರಿ. ನಾವು ಶುದ್ಧ ಕನ್ನಡದಲ್ಲಿ ಉತ್ತರ ಬರೆದರೆ ಸಾಕು, ಓದಿದವರು ಕಲೀತಾರೆ.

ಮೂರು, ಪ್ರತಿ ಭಾನುವಾರ ಒಬ್ಬ ಹಿರಿಯರ ಕಥೆ. ಮಕ್ಕಳೇ, ಇದು ನಿಮ್ಮ ಕೆಲಸ. ಅಜ್ಜಿಯ ಹತ್ತಿರ ಕೂತು ಅವರು ಹೋದ ಶಾಲೆ, ಅಲ್ಲಿಯ ಮೇಷ್ಟ್ರು, ಮಳೆಗಾಲದ ಕಟ್ಟಪುಣಿಯ ದಾರಿ, ಎಂತ ಬೇಕಾದರೂ ಕೇಳಿ ರೆಕಾರ್ಡ್ ಮಾಡಿ. ಐದು ನಿಮಿಷ ಸಾಕು. ಅವರು ಹೋದ ಮೇಲೆ ಆ ದನಿ ನಮಗೆ ಸಿಗ್ಲಿಕ್ಕಿಲ್ಲ.

ನಾಲ್ಕು, ತಿಂಗಳಿಗೆ ಒಂದು ಅರ್ಜಿಯಾದರೂ ಕನ್ನಡದಲ್ಲಿ. ಕೇರಳದ 1969ರ ಆಡಳಿತ ಭಾಷಾ ಕಾಯ್ದೆಯೇ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಂದಿಗೆ ವ್ಯವಹರಿಸುವ ಹಕ್ಕು ಕೊಟ್ಟಿದೆ. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಬಳಸದ ಹಕ್ಕು ಮುಚ್ಚಿಟ್ಟ ಕತ್ತಿಯ ಹಾಗೆ, ತುಕ್ಕು ಹಿಡಿಯುತ್ತದೆ. ಕೊಟ್ಟ ಅರ್ಜಿಯ ಫೋಟೋ ಗುಂಪಿಗೆ ಹಾಕಿ, ಬಂದ ಉತ್ತರವನ್ನೂ ಹಾಕಿ. ಒಬ್ಬರಿಗೆ ಉತ್ತರ ಬಂದದ್ದು ನೋಡಿದರೆ ಹತ್ತು ಜನಕ್ಕೆ ಧೈರ್ಯ ಬರುತ್ತದೆ.

ಕೊನೆಗೆ ಆ ತಾಯಿಯ ವಿಷಯ. ಹೋದ ತಿಂಗಳು ಅವರ ಮನೆಗೆ ಹೋದೆ. ಜಗಲಿಯಲ್ಲಿ ಕೂರಿಸಿ ಚಾ ಕೊಟ್ಟರು. "ಅವತ್ತು ತಪ್ಪಾಯಿತಕ್ಕಾ, ನಾನೇ ಅಡ್ಮಿನ್" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ನನಗೆ ಕನ್ನಡ ಬರೀಲಿಕ್ಕೆ ನಾಚಿಕೆ ಆಗಿದ್ದು ಅವತ್ತು ಮೊದಲ ಸಲ" ಅಂದರು. ಅದನ್ನು ಕೇಳಿ ನಾನು ಚಾ ಕೆಳಗಿಟ್ಟೆ.

ಗುಂಪಿಗೆ ವಾಪಸ್ ಬನ್ನಿ ಅಂತ ಕರೆದೆ. ಬರುತ್ತೇನೆ ಅಂತಲೂ ಹೇಳಲಿಲ್ಲ, ಬರುವುದಿಲ್ಲ ಅಂತಲೂ ಹೇಳಲಿಲ್ಲ. ಹೊರಡುವಾಗ ಬಾಗಿಲ ಹತ್ತಿರ ಒಂದು ಸಣ್ಣ ಹುಡುಗಿ ಇಣುಕಿ ನೋಡ್ತಾ ಇತ್ತು. "ಇವಳು ಎರಡನೆಯವಳು, ಇನ್ನೂ ಅಂಗನವಾಡಿ. ನೋಡುವ" ಅಂದರು.

ಆ 'ನೋಡುವ' ಅನ್ನುವ ಮಾತು ಹಿಡಿದುಕೊಂಡು ನಾನು ಇವತ್ತು ನಿಮ್ಮ ಮುಂದೆ ನಿಂತಿದ್ದೇನೆ. ಆ ಮಗು ಒಂದನೇ ಕ್ಲಾಸಿಗೆ ಬರುವ ಹೊತ್ತಿಗೆ ನಮ್ಮ ಗುಂಪು ಹೇಗಿರಬೇಕು ಅಂತ ಇವತ್ತೇ ತೀರ್ಮಾನ ಮಾಡುವ.

ಇನ್ನು ನೀವು ಮಾತಾಡಿ, ನಾನು ಜಾಗಟೆ ಹಿಡಿದು ಕೂರ್ತೇನೆ.