ಹೂಂಗುಟ್ಟುವವರು ಎದ್ದು ಹೋದರೆ?



ಅಜ್ಜಿ ಕತೆ ಹೇಳುವಾಗ ಮಕ್ಕಳು ಹೂಂಗುಟ್ಟುತ್ತಿರಬೇಕೆಂಬುದು ನಮ್ಮ ಮನೆಗಳ ಕಟ್ಟಳೆ. ಹೂಂಕಾರ ನಿಂತಿತೆಂದರೆ ಮಗು ಮಲಗಿತೆಂದು ತಿಳಿದು ಅಜ್ಜಿ ಕತೆಯನ್ನು ನಿಲ್ಲಿಸುತ್ತಾಳೆ. ಆ ಸೌಕರ್ಯ ಈಗ ನನಗಿಲ್ಲ. ತಾವು ಈ ಕ್ಷಣವೇ ರೇಡಿಯೋ ಆರಿಸಿದರೂ ನನ್ನ ಮಾತು ಸಾಗುತ್ತಲೇ ಇರುತ್ತದೆ. ದೂರದೂರಿನಲ್ಲಿ ಕುಳಿತು ನಮ್ಮ ಮೊಬೈಲುಗಳಿಗೆ ಉತ್ತರವೀಯುವ ಸರ್ವರ್ ಎಂಬ ಗಣಕಯಂತ್ರದ ಪಾಡೂ ಬಹುಮಟ್ಟಿಗೆ ನನ್ನದೇ.

ಕನ್ನಡ ಪಂಡಿತನಿಗೇಕೆ ಈ ಗೊಡವೆ ಎಂದು ಕೆಲವರು ನಕ್ಕಾರು. ಸ್ವರ್ಣವಲ್ಲಿಯ ಸುತ್ತಮುತ್ತ, ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ, ಬೆಂಗಳೂರಿನ ಗಣಕೋದ್ಯಮದಲ್ಲಿ ದುಡಿಯುವ ಮಗನೋ ಮಗಳೋ ಇರುವ ಮನೆಗಳು ಬಹಳ. 2020ರ ಕೊರೋನಾ ಕಾಲದಲ್ಲಿ ಊರಿಗೆ ಮರಳಿದ ಅವರು ಸಿಗ್ನಲ್ ಅರಸುತ್ತ ಗುಡ್ಡದ ನೆತ್ತಿಯಲ್ಲಿ ಕುಳಿತದ್ದನ್ನು ನಾವೇ ಕಂಡಿದ್ದೇವೆ. ನಮ್ಮ ಮಳೆಗಾಲವೂ ತಮಗೆ ಗೊತ್ತು. ಮರ ಬಿದ್ದು ವಿದ್ಯುತ್ತು ಹೋಗುತ್ತದೆ. ತುಸು ಹೊತ್ತಿಗೆ ಮೊಬೈಲ್ ಗೋಪುರದ ಬ್ಯಾಟರಿಯೂ ಮುಗಿಯುತ್ತದೆ. ಪಹಣಿ ಕೇಳುತ್ತಿದ್ದ ರೈತನೋ ಶುಲ್ಕ ಕಟ್ಟುತ್ತಿದ್ದ ವಿದ್ಯಾರ್ಥಿಯೋ ಅರ್ಧದಲ್ಲೇ ಕಡಿದು ಹೋದುದು ಸರ್ವರಿಗೆ ತಿಳಿಯುವ ಬಗೆ ಹೇಗೆ?

ಸಂಪರ್ಕವೆಂದರೆ ತಂತಿಯೆಂದು ನಾವು ಭಾವಿಸುತ್ತೇವೆ. ಹಾಗಲ್ಲ. ಎರಡು ತುದಿಯ ಯಂತ್ರಗಳು ತಂತಮ್ಮ ಲೆಕ್ಕದಲ್ಲಿ ಬರೆದುಕೊಂಡ ಒಂದು ನೆನಪು, ಅಷ್ಟೆ. 1981ರಲ್ಲಿ ಬರಹಕ್ಕಿಳಿದ ಟಿಸಿಪಿ ಎಂಬ ನಿಯಮಾವಳಿಯಂತೆ, ಕ್ರಮವಾಗಿ ಹೊರಡುವ ಯಂತ್ರ "ಮುಗಿಯಿತು" ಎಂದು ಹೇಳಿಯೇ ಹೊರಡುತ್ತದೆ. ನಮ್ಮ ನೆಂಟರು "ಬರ್ತೇನೆ" ಎಂದು ಹೇಳಿ ಹೋಗುವ ಹಾಗೆ. ಆದರೆ ಸಿಗ್ನಲ್ಲೇ ಹೋದಾಗ ಆ ಮಾತನ್ನು ತಲುಪಿಸುವವರು ಯಾರು? ಯೋಚಿಸುತ್ತ ಸುಮ್ಮನಿರುವವನೂ ಇಲ್ಲವಾದವನೂ ಸರ್ವರಿನ ಕಣ್ಣಿಗೆ ಒಂದೇ.

ಉತ್ತರ ಕಳಿಸಿ ನೋಡಬಹುದಲ್ಲ ಎನ್ನುವಿರಿ. ಕಳಿಸಿದ್ದು ಮೊದಲು ಬೀಳುವುದು ಸರ್ವರಿನದೇ ಅಂಚೆಪೆಟ್ಟಿಗೆಗೆ. ಪೆಟ್ಟಿಗೆಗೆ ಬಿದ್ದ ಕಾಗದ ಕೈಗೆ ಸೇರಿತೆಂದಲ್ಲ. ಆ ಯಂತ್ರ ಮತ್ತೆ ಮತ್ತೆ ಕಳಿಸಿ, ರಸೀತಿ ಬಾರದೆ ಸೋತ ಮೇಲಷ್ಟೇ ತಪ್ಪಿನ ಸುದ್ದಿ ಮೇಲೆ ಬರುತ್ತದೆ. ಪಿಎಚ್‌ಪಿ ಎಂಬ ಬಹುಪ್ರಚಲಿತ ಭಾಷೆಯಲ್ಲಂತೂ, ಏನನ್ನಾದರೂ ಬರೆದು ಕಳಿಸಲು ಹೋಗುವವರೆಗೆ, ಕೇಳಿದವನು ಎದ್ದು ಹೋದುದೇ ತಿಳಿಯದು.

"ಇದ್ದೀರಾ?" ಎಂದು ವಿಚಾರಿಸುವ ಏರ್ಪಾಡೊಂದು ಟಿಸಿಪಿಯಲ್ಲೇ ಉಂಟು. ಆದರೆ 1989ರ ನಿಯಮದ ಪ್ರಕಾರ, ಬೇರೆ ಅವಧಿ ಗೊತ್ತುಮಾಡದಿದ್ದರೆ, ಎರಡು ಗಂಟೆಗಿಂತ ಮೊದಲು ಕೇಳುವಂತಿಲ್ಲ! ಅಷ್ಟರಲ್ಲಿ ಪೇಟೆಯಲ್ಲಿ ಅಡಿಕೆ ಮಾರಿ ಊಟ ಮುಗಿಸಿ ಬರಬಹುದು. ಆದ್ದರಿಂದ ಕೋಡ್ ಬರೆಯುವವರು ತಮ್ಮದೇ ಹೂಂಕಾರವನ್ನು ಏರ್ಪಡಿಸಿಕೊಳ್ಳುತ್ತಾರೆ. 2011ರ ವೆಬ್‌ಸಾಕೆಟ್ ಕ್ರಮದಲ್ಲಿ ಒಂದು ಕಡೆಯವರು "ಪಿಂಗ್" ಎಂದರೆ ಇನ್ನೊಂದು ಕಡೆಯವರು "ಪಾಂಗ್" ಎನ್ನಬೇಕು. ಉತ್ತರ ಬಾರದಿದ್ದರೆ ಹೋದರೆಂದು ಲೆಕ್ಕ. ಎಷ್ಟು ಹೊತ್ತು ಕಾಯಬೇಕೆಂಬುದೇ ಇಲ್ಲಿನ ನಿಜವಾದ ವಿವೇಕ. ಬೆಂಗಳೂರಿನಲ್ಲಿ ವೇಗದ ತಂತಿಯ ಪಕ್ಕ ಕುಳಿತವರು ಐದು ಸೆಕೆಂಡು ಸಾಕೆನ್ನುತ್ತಾರೆ. ಆಷಾಢದ ಮಳೆಯಲ್ಲಿ ಸೋಂದೆಗೆ ಬಂದು ಅದೇ ಕೋಡನ್ನು ಒಮ್ಮೆ ಪರೀಕ್ಷಿಸಲಿ. ಬದುಕಿರುವವರಿಗೇ ತಿಥಿ ಮಾಡಿದಂತಾಗುತ್ತದೆ.

ಹೋದರೆಂದು ತಿಳಿದ ಮೇಲೆ ಏನು ಮಾಡಬೇಕು? ಪಹಣಿಯ ಹುಡುಕಾಟವಾದರೆ ಅಲ್ಲಿಗೇ ನಿಲ್ಲಿಸುವುದು ಲೇಸು. ಬೇಸತ್ತ ರೈತ ಗುಂಡಿಯನ್ನು ಐದು ಸಲ ಒತ್ತಿದರೆ ಸರ್ವರ್ ಐದು ಹುಡುಕಾಟ ನಡೆಸುತ್ತದೆ. ಅವುಗಳಲ್ಲಿ ನಾಲ್ಕು ಯಾರಿಗೂ ಬೇಡವಾದವು. ಹಿಂದೆ ಸಾಲಿನಲ್ಲಿ ನಿಂತವರು ಕಾಯಬೇಕು, ನಾವು "ಸರ್ವರ್ ಡೌನ್" ಎಂದು ಗೊಣಗಬೇಕು.

ಹಣದ ವ್ಯವಹಾರ ಹಾಗಲ್ಲ. ಖಾತೆಯಿಂದ ಹಣ ಕಡಿದ ಮೇಲೆ, ಕೇಳಿದವನು ಹೋದನೆಂದು ಅರ್ಧದಲ್ಲಿ ಕೈಬಿಡಕೂಡದು. ಕೆಲಸ ಮುಗಿಸಿ, ಆ ಕೋರಿಕೆಗೆ ಮೊದಲೇ ಕೊಟ್ಟಿದ್ದ ಸಂಖ್ಯೆಯ ಕೆಳಗೆ ಉತ್ತರವನ್ನು ಬರೆದಿಡಬೇಕು. ಕರೆಂಟು ಬಂದ ಮೇಲೆ ಅದೇ ಸಂಖ್ಯೆಯ ಕೋರಿಕೆ ಮತ್ತೆ ಬಂದರೆ, ಎರಡನೆಯ ಸಲ ಹಣ ಕಡಿಯದೆ ಆ ಹಳೆಯ ಉತ್ತರವನ್ನೇ ಕೊಡಬೇಕು.

ಎಲ್ಲ ಕೋಡುಗಳೂ ಇಷ್ಟು ಶಿಸ್ತಿನವಲ್ಲ. ಆದ್ದರಿಂದ ಶುಲ್ಕ ಕಟ್ಟುವಾಗ ಪರದೆ ಸ್ತಬ್ಧವಾದರೆ ಗುಂಡಿಯನ್ನು ಮತ್ತೆ ಒತ್ತುವ ಮೊದಲು ಹಳೆಯ ವ್ಯವಹಾರಗಳ ಪಟ್ಟಿಯನ್ನು ನೋಡಿರಿ. ಯುಪಿಐ ಮೂಲಕ ಒಬ್ಬರಿಗೆ ಕಳಿಸಿದ ಹಣ ನಮ್ಮ ಖಾತೆಯಿಂದ ಕಡಿದು ಅವರ ಖಾತೆಗೆ ಸೇರದಿದ್ದರೆ ಮರುದಿನದೊಳಗೆ ತಾನಾಗಿ ಹಿಂದಿರುಗಬೇಕು. ಅಂಗಡಿಯ ಪಾವತಿಯಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರವೆಂದು ರಿಸರ್ವ್ ಬ್ಯಾಂಕು 2019ರ ಸೆಪ್ಟೆಂಬರಿನಲ್ಲಿ ಆಜ್ಞೆ ಹೊರಡಿಸಿದೆ.